ಘಟ್ಟ ಹತ್ತಿದ ಮೇಳ: ಕಾಫಿ ನಾಡಿನ ಹರಕೆಯಾಟದ ಹಿನ್ನೆಲೆ

ಚಂದ್ರದ್ರೋಣ ಪರ್ವತಶ್ರೇಣಿಯ ಬಾಬಾಬುಡನ್‌ಗಿರಿಯಿಂದ ಮೂಡಿಗೆರೆ, ಕಳಸಗಳವರೆಗೆ ಹಬ್ಬಿರುವ ಕಾಫಿ ನಾಡಿಗೆ ದೇವರ ಹೆಸರಿನಲ್ಲಿ ಬಂದುಹೋಗುವ ತಂಡಗಳು ಹಲವು. ಗಿರಿಯ ಉರುಸಿಗೆ ಫಕೀರರು ಬರುತ್ತಾರೆ, ಊರೂರಿನ ಭಜನಾ ಮಂಡಳಿಗಳೂ ಓಡಾಡುತ್ತವೆ. ಆದರೆ ಹಾಡುವವರು, ನುಡಿಸುವವರು, ವೇಷಧಾರಿಗಳು, ಅಡುಗೆಯವರು, ಪೂಜೆಗೊಳ್ಳುವ ದೇವರು ಎಲ್ಲವೂ ಕೂಡಿ ಒಂದು ಸಂಸಾರವಾಗಿ ಊರಿಂದೂರಿಗೆ ಸಾಗುವುದು ಕರಾವಳಿಯ ಯಕ್ಷಗಾನ ಮೇಳಗಳ ಪದ್ಧತಿ. ದೀಪಾವಳಿಯ ಬಳಿಕ ತಮ್ಮ ಕ್ಷೇತ್ರದಲ್ಲಿ ಗೆಜ್ಜೆ ಕಟ್ಟಿ ಹೊರಡುವ ಧರ್ಮಸ್ಥಳ, ಕಟೀಲು, ಮಂದಾರ್ತಿ ಮುಂತಾದ ಮೇಳಗಳು ಮಳೆಗಾಲ ಹಿಡಿಯುವ ಮುನ್ನ, ಅಂದರೆ ತುಳುನಾಡಿನಲ್ಲಿ ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ಹೊತ್ತಿಗೆ, ಮರಳಿ ಗೆಜ್ಜೆ ಬಿಚ್ಚುತ್ತವೆ. ಈ ನಡುವಿನ ಸಂಚಾರಕ್ಕೆ ತಿರುಗಾಟವೆಂದು ಹೆಸರು.

ಕರಾವಳಿಗೂ ಘಟ್ಟದ ಮೇಲಿನ ಸೀಮೆಗೂ ಇರುವ ನಂಟು ಕಾಫಿಗಿಂತ ಹಳೆಯದು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ಭೈರರಸರ ಮನೆತನವು ಮೇಲೆ ಕಳಸವನ್ನೂ ಕೆಳಗೆ ಕಾರ್ಕಳವನ್ನೂ ಒಟ್ಟಿಗೆ ಆಳಿತ್ತು. ಬಾಬಾ ಬುಡನ್ ಯೆಮನ್ನಿನಿಂದ ಏಳು ಕಾಫಿ ಬೀಜ ತಂದು ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವು 17ನೇ ಶತಮಾನದ್ದಾದರೂ, ಆ ಬೆಳೆ ಬೆಟ್ಟಗಳನ್ನು ದೊಡ್ಡ ಪ್ರಮಾಣದಲ್ಲಿ ಆವರಿಸಿದ್ದು 19ನೇ ಶತಮಾನದಲ್ಲಿ ಐರೋಪ್ಯರು ತೋಟ ಹೂಡಿದ ಮೇಲೆ. ಆಗ ಕೆಲಸ ಹುಡುಕಿ ಘಟ್ಟ ಹತ್ತಿದ ದಕ್ಷಿಣ ಕನ್ನಡದ ಕೂಲಿಗಳು ತಮ್ಮೊಡನೆ ತುಳು ಮಾತನ್ನೂ ಭೂತಾರಾಧನೆಯನ್ನೂ ತವರಿನ ದೇವರಿಗೆ ಹರಕೆ ಹೊರುವ ರೂಢಿಯನ್ನೂ ತಂದರು. ಕಾಯಿಲೆ ವಾಸಿಯಾದರೆ, ಮಗು ಹುಟ್ಟಿದರೆ ದೇವಿಗೆ ಒಂದು ಆಟ, ಅಂದರೆ ಯಕ್ಷಗಾನ ಪ್ರದರ್ಶನ, ಆಡಿಸುತ್ತೇವೆಂದು ಹೊತ್ತ ಹರಕೆ ತೀರಬೇಕಾದರೆ ಮೇಳ ಘಟ್ಟ ಹತ್ತಲೇಬೇಕಿತ್ತು. ಮಲೆನಾಡಿನ ಯಕ್ಷಗಾನವನ್ನು ಧಣಿಗಳ ಕಲಾಪೋಷಣೆಯ ಫಲವೆಂದಷ್ಟೇ ಬಣ್ಣಿಸುವ ವಾಡಿಕೆಯುಂಟು. ಕೂಲಿ ಲೈನಿನ, ಅಂದರೆ ತೋಟದ ಆಳುಗಳ ವಸತಿಸಾಲಿನ, ಹರಕೆಗೆ ಅದರಲ್ಲಿ ಸಲ್ಲಬೇಕಾದ ಪಾಲು ಸಂದಿಲ್ಲ.

ಯಾವ ಊರಿಗೆ ಯಾವ ತಿಟ್ಟು, ಅಂದರೆ ಯಾವ ಶೈಲಿ, ತಲುಪಿತೆಂಬುದನ್ನು ಬಹುಮಟ್ಟಿಗೆ ಘಾಟಿಗಳೇ ನಿರ್ಣಯಿಸಿದವು. ಆಗುಂಬೆಯ ದಾರಿಯಲ್ಲಿ ಬಂದ ಬಡಗುತಿಟ್ಟು ಶೃಂಗೇರಿ, ಕೊಪ್ಪಗಳ ಕಡೆ ಬೇರೂರಿದರೆ, ಉಜಿರೆಯಿಂದ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರಕ್ಕೆ ಬಂದ ತೆಂಕುತಿಟ್ಟು ಸಾಮಾನ್ಯವಾಗಿ ಮೂಡಿಗೆರೆಯ ಸೀಮೆಗೆ ಒಗ್ಗಿತು. ಬಸ್ಸು, ಲಾರಿಗಳು ಬರುವ ಮುನ್ನ ಕಲಾವಿದರು ನಡೆದೇ ಸಾಗುತ್ತಿದ್ದರು. ಕಿರೀಟ, ಭುಜಕೀರ್ತಿಗಳ ಪೆಟ್ಟಿಗೆಗಳು ಆಳುಗಳ ತಲೆಯ ಮೇಲೋ ಗಾಡಿಯಲ್ಲೋ ಬರುತ್ತಿದ್ದವು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾದ ಬಳಿಕ ಕಳಸದ ಕಡೆಯ ರಸ್ತೆ ಸುಧಾರಿಸಿತು.

ಕೊಯ್ಲಿನ ಕಾಲದಲ್ಲಿ ಕಾಫಿ ಒಣಗುವ ಕಣ ಖಾಲಿಯಿರುವುದಿಲ್ಲ, ಆಳುಗಳಿಗೆ ಬಿಡುವೂ ಇಲ್ಲ. ಆದುದರಿಂದ ಹಣ್ಣು ಕೊಯ್ದು ಮುಗಿದು, ಹೂಮಳೆಗೆ ಕಾಯುವ ದಿನಗಳು ಆಟಕ್ಕೆ ಹೆಚ್ಚು ಅನುಕೂಲ, ಅದರಲ್ಲಿಯೂ ವಾರದ ಬಟವಾಡೆಯಾಗಿ ಮರುದಿನ ಸಂತೆಯ ರಜೆಯಿದ್ದರೆ ನಿದ್ದೆಗೆಡುವ ಚಿಂತೆಯಿಲ್ಲ. ನಾಲ್ಕು ಕಂಬ ನೆಟ್ಟು ಮಾವಿನ ತೋರಣ ಕಟ್ಟಿದರೆ ರಂಗಸ್ಥಳ ಸಿದ್ಧ. ಅದರ ಹಿಂದೆ ವೇಷ ಕಟ್ಟುವ ಚೌಕಿಯಲ್ಲಿ ಮೊದಲು ಮೇಳದ ದೇವರಿಗೆ ಪೂಜೆಯಾಗಿ, ಪ್ರಸಾದ ಹಂಚಿದ ಮೇಲೆಯೇ ಆಟ ಮೊದಲಾಗುತ್ತದೆ. ಭಾಗವತ, ಮದ್ದಳೆ, ಚೆಂಡೆ ಕೂಡಿದ ಗಾನವೃಂದವು ಹಿಮ್ಮೇಳ, ಕುಣಿದು ಮಾತನಾಡುವವರು ಮುಮ್ಮೇಳ. ಬೆಟ್ಟದ ಇಬ್ಬನಿ ಹಿಮ್ಮೇಳಕ್ಕೆ ಶತ್ರು: ನಡುರಾತ್ರಿ ಕಳೆದಂತೆ ತೇವ ಹೀರಿದ ಚರ್ಮ ಸಡಿಲಾಗಿ ಶ್ರುತಿ ಇಳಿಯುವುದರಿಂದ ವಾದಕರು ಬೆಂಕಿಯ ಕಾವಿಗೆ ಹಿಡಿದು, ಬಿಗಿ ಸರಿಪಡಿಸಿ ಮತ್ತೆ ನುಡಿಸಬೇಕು. ಕಂಬಳಿ ಹೊದ್ದು ತೂಕಡಿಸುತ್ತಿದ್ದವರನ್ನು ಎಬ್ಬಿಸಲು ದೇವಿಮಹಾತ್ಮೆಯ ಮಹಿಷಾಸುರ ಸಭೆಯ ನಡುವಿನಿಂದಲೇ ದೊಂದಿಗಳ ಬೆಳಕಿನಲ್ಲಿ, ಹಾರಿಸಿದ ರಾಳದ ಪುಡಿಯ ಜ್ವಾಲೆಯ ನಡುವೆ ಅಬ್ಬರಿಸುತ್ತ ಬರುತ್ತಾನೆ. ಈ ಪ್ರವೇಶಕ್ಕೆ ಸಾಟಿಯಾದುದು ನಗರದ ಸಭಾಂಗಣಗಳಲ್ಲಿ ಕಾಣಸಿಗದು.

ಗ್ಯಾಸ್‌ಲೈಟು ಹೋಗಿ ಜನರೇಟರ್ ಬಂದಿತು. ಟಿಕೆಟ್ಟಿನ ಡೇರೆ ಮೇಳಗಳು ಬಂದು ಮೆರೆದು ಬಹುಪಾಲು ಮರೆಯಾದವು. ರಾತ್ರಿ 10ರ ಬಳಿಕ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿದ 2000ದ ಶಬ್ದಮಾಲಿನ್ಯ ನಿಯಮಗಳಿಂದಲೂ ಬದಲಾದ ದಿನಚರಿಯಿಂದಲೂ ಬೆಳಗಿನವರೆಗಿನ ಆಟವು ಹಲವೆಡೆ ನಡುರಾತ್ರಿಗೆ ಮುಗಿಯುವ ಕಾಲಮಿತಿಯ ಆಟವಾಗಿದೆ. ಹರಕೆ ಮಾತ್ರ ತಗ್ಗಿಲ್ಲ. ಹೆಸರುವಾಸಿ ಕ್ಷೇತ್ರಗಳಲ್ಲಿ ಇಂದು ಹೆಸರು ಬರೆಸಿದವರು ಸರದಿಗಾಗಿ ವರ್ಷಗಟ್ಟಲೆ ಕಾಯಬೇಕು. ಯಾರು, ಯಾವ ತೋಟದಿಂದ ಆಟ ಆಡಿಸಿದರೆಂಬುದು ದೇವಸ್ಥಾನಗಳ ಸೇವಾ ಪುಸ್ತಕಗಳಲ್ಲಿಯೂ, ಅವರು ಎಂದು ಘಟ್ಟ ಹತ್ತಿದರೆಂಬುದು ಎಸ್ಟೇಟುಗಳ ಹಳೆಯ ಚೆಕ್‌ರೋಲುಗಳೆಂಬ ಆಳುಗಳ ಹಾಜರಿ ಪುಸ್ತಕಗಳಲ್ಲಿಯೂ ಸಿಕ್ಕಬೇಕು. ಗೆದ್ದಲು ಹಿಡಿಯುವ ಮುನ್ನ ಇವುಗಳನ್ನು ತೆಗೆದಿರಿಸುವ ಕೆಲಸವನ್ನು ದೇವಸ್ಥಾನಗಳವರೂ ತೋಟದ ಮಾಲೀಕರೂ ಮಾಡಬೇಕು.