ಸುರಂಗದ ಲೆಕ್ಕ, ಕೂಲಿಯ ಹೆಸರು

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಘಾಟಿ ಇಳಿಯುವ ಮೀಟರ್ ಗೇಜ್ ರೈಲುದಾರಿ 1979ರಲ್ಲಿ ಶುರುವಾಯ್ತು. ಗೇಜ್ ಬದಲಿಸಲೆಂದು 1996ರಲ್ಲಿ ನಿಂತ ರೈಲು ಮತ್ತೆ ಓಡಲು ಹತ್ತು ವರ್ಷ ಬೇಕಾಯ್ತು: 2006ರಲ್ಲಿ ಗೂಡ್ಸು, 2007ರಲ್ಲಿ ಪ್ಯಾಸೆಂಜರ್. ಆ ನಡುವೆ ಪಾಳುಬಿದ್ದ ಹಳಿಯ ಮೇಲೆ ಪೇಟೆಯ ಚಾರಣಿಗರು ನಡೆದರು. ಎಡಕುಮೇರಿಯ ಆಚೀಚೆ ಅವರಿಗೆ ಕಂಡದ್ದು ಕಾಡು, ಕಣಿವೆ, ಎತ್ತರದ ಸೇತುವೆ.

ಸುಮಾರು 55 ಕಿ.ಮೀ. ದಾರಿಗೆ 50ಕ್ಕೂ ಹೆಚ್ಚು ಸುರಂಗ, 100ಕ್ಕೂ ಹೆಚ್ಚು ಸೇತುವೆ. ಈ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಬಂಡೆ ಸೀಳಿದವರು ಯಾರು, ಕಲ್ಲು ಹೊತ್ತ ಹೆಂಗಸರು ಯಾವ ಕೇರಿಯಿಂದ ಬಂದರು, ಸತ್ತವರೆಷ್ಟು? ಚಾರಣದ ಬರಹಗಳಿಗೆ ಇದು ಬೇಕಿಲ್ಲ. ಇದೇ ಜಿಲ್ಲೆಯ ರುದ್ರಪಟ್ಟಣದ ಸಂಗೀತಗಾರರ ಗುರುಪರಂಪರೆಯನ್ನು ನಾವು ಹೆಸರು ಹಿಡಿದು ಹೇಳ್ತೇವೆ; ಹೇಳಬೇಕಾದ್ದೇ. ಆದರೆ ಹಾಡಿದವರಿಗೆ ಪರಂಪರೆ, ಕಲ್ಲು ಒಡೆದವರಿಗೆ 'ಕೂಲಿಯಾಳುಗಳು' ಎಂಬ ಬಹುವಚನ ಮಾತ್ರ! ಹೆಸರು ಯಾರಿಗೆ ಉಳಿಯುತ್ತೆ ಅನ್ನೋದನ್ನೂ ಜಾತಿಯೇ ತೀರ್ಮಾನಿಸುತ್ತಾ ಬಂದಿದೆ.

ದಲಿತ ವಿಮರ್ಶೆ ಪುಸ್ತಕಗಳನ್ನಷ್ಟೇ ಓದಿದರೆ ಸಾಲದು, ಸೇತುವೆಯ ಕಂಬಗಳನ್ನೂ ಓದಬೇಕು. ಅಂದು ಇಪ್ಪತ್ತರ ಹರೆಯದಲ್ಲಿ ಅಲ್ಲಿ ದುಡಿದವರಿಗೆ ಈಗ ಎಪ್ಪತ್ತರ ಆಚೀಚೆ. ಘಾಟಿಯ ಮೇಲಿನ, ಕೆಳಗಿನ ಕೇರಿಗಳಿಗೆ ಹೋಗಿ ಕೇಳಿ ಬರೆದುಕೊಳ್ಳೋಣ. ಅವರು ಹೋದ ಮೇಲೆ ಸುರಂಗದ ಲೆಕ್ಕವೊಂದೇ ಚರಿತ್ರೆ ಅನ್ನಿಸಿಕೊಳ್ಳುತ್ತೆ.