ಲಾರಿಯ ಸಿಂಗಾರ: ಕಿರುತೆರೆಯ ಮೆರುಗು, ಚಾಲಕನ ಲೆಕ್ಕ

ರಾಮಥಾಳ (ಬಾಗಲಕೋಟೆ ಜಿಲ್ಲೆ): ಹುನಗುಂದ ಸೀಮೆಯ ರಾಮಥಾಳದ ಹೆಸರು ರಾಜ್ಯದ ಓದುಗರಿಗೆ ಪರಿಚಿತವಾದದ್ದು ಹನಿ ನೀರಾವರಿಯಿಂದ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ ಸುಮಾರು 24 ಸಾವಿರ ಹೆಕ್ಟೇರ್ ಭೂಮಿಗೆ ಕೊಳವೆಗಳ ಮೂಲಕ ಹರಿಸುವ ಯೋಜನೆಗೆ ಈ ಊರಿನ ಹೆಸರೇ ಅಂಟಿಕೊಂಡಿದೆ. ಆದರೆ ಈ ಸೀಮೆಯ ಕಡಲೆ, ಈರುಳ್ಳಿ, ಮೆಕ್ಕೆಜೋಳಗಳಾಗಲಿ, ಪಕ್ಕದ ಇಳಕಲ್ಲಿನ ಕೆಂಪು ಗ್ರಾನೈಟ್ ಆಗಲಿ ಹೊರಜಗತ್ತನ್ನು ಕಾಣುವುದು ಲಾರಿಯ ಬೆನ್ನೇರಿಯೇ. ಹುನಗುಂದ ಮತ್ತು ಇಳಕಲ್ಲುಗಳನ್ನು ಹಾದು ವಿಜಯಪುರದಿಂದ ಹೊಸಪೇಟೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 50, ಅಂದರೆ 2010ರ ಮರುಸಂಖ್ಯೆಗೆ ಮುಂಚಿನ ಹೆದ್ದಾರಿ 13, ಹಗಲಿರುಳೆನ್ನದೆ ಲಾರಿಗಳಿಂದ ತುಂಬಿರುತ್ತದೆ.

ಈ ಲಾರಿಗಳ ಪೈಕಿ ಸಿಂಗಾರವಿಲ್ಲದ್ದು ಒಂದೂ ಇರಲಾರದು. ನೆತ್ತಿಯ ಮೇಲೆ ಬನಶಂಕರಿ ಅಥವಾ ಹುಲಿಗೆಮ್ಮನ ಹೆಸರು, ಹಿಂಬದಿಯ ಹಲಗೆಯಲ್ಲಿ ಹಂಸ ಇಲ್ಲವೆ ಕಾಮಧೇನು, ಕನ್ನಡಿಗೆ ಕರಿದಾರ, ಬಂಪರಿಗೆ ನಿಂಬೆ-ಮೆಣಸಿನಕಾಯಿ, ಕೆಳಗೊಂದು ಹಳೆಯ ಚಪ್ಪಲಿ. ಲಾರಿಯನ್ನು ಅಲಂಕರಿಸುವುದು ಜಗತ್ತಿನ ಹಲವು ದೇಶಗಳಲ್ಲಿರುವ ಹವ್ಯಾಸ. ಅದು ಕಿರುತೆರೆಯ ಮನರಂಜನೆಯಾಗಿ ಮಾರ್ಪಟ್ಟಿದ್ದು ಮಾತ್ರ ಈ ಶತಮಾನದ ಮೊದಲ ದಶಕದಲ್ಲಿ. ಕಿರುತೆರೆ ಮೆಚ್ಚುವ ಲಾರಿಯನ್ನು ಚಾಲಕರೂ ಮೆಚ್ಚುತ್ತಾರೆಯೇ ಎಂಬ ಪ್ರಶ್ನೆ ಅಂದಿನಿಂದಲೂ ಉಳಿದುಕೊಂಡಿದೆ.

ಮಿಸೌರಿಯ ಗ್ಯಾರೇಜು

ಎಂಟಿವಿ ವಾಹಿನಿಯು 2004ರಲ್ಲಿ ಆರಂಭಿಸಿದ 'ಪಿಂಪ್ ಮೈ ರೈಡ್' ಎಂಬ ಕಾರ್ಯಕ್ರಮದಲ್ಲಿ ಲಡಕಾಸಿ ಕಾರುಗಳನ್ನು ಹೊಳೆಯುವ ರಥಗಳನ್ನಾಗಿ ಬದಲಾಯಿಸಲಾಗುತ್ತಿತ್ತು. ಅದರ ಯಶಸ್ಸಿನ ಬೆನ್ನಿಗೇ 2006ರಲ್ಲಿ ಅಮೆರಿಕದ ಸಿಎಂಟಿ ವಾಹಿನಿಯು 'ಟ್ರಿಕ್ ಮೈ ಟ್ರಕ್' ಎಂಬ ಸರಣಿಯನ್ನು ಪ್ರಸಾರ ಮಾಡಿತು. ಮಿಸೌರಿ ರಾಜ್ಯದ ಜಾಪ್ಲಿನ್ ಪಟ್ಟಣದ ಲಾರಿ ಅಲಂಕಾರ ಮಳಿಗೆಯೊಂದರ ಕುಶಲಕರ್ಮಿಗಳ ತಂಡವೇ ಇದರ ನಾಯಕರು. ಕಷ್ಟದಲ್ಲಿರುವ ಚಾಲಕನೊಬ್ಬನ ಹಳೆಯ ಲಾರಿಯನ್ನು ಪಡೆದು, ಬಣ್ಣ, ಕ್ರೋಮ್, ದೀಪ, ಧ್ವನಿವರ್ಧಕಗಳಿಂದ ಗುರುತು ಸಿಗದಂತೆ ಮಾರ್ಪಡಿಸಿ, ಕೊನೆಯಲ್ಲಿ ಆತನ ಮುಂದೆ ತಂದು ನಿಲ್ಲಿಸುವುದು ಪ್ರತಿ ಕಂತಿನ ಕಥೆ. ಚಾಲಕನ ಕಣ್ಣಲ್ಲಿ ನೀರು ಬರುವಲ್ಲಿಗೆ ಕಂತು ಮುಗಿಯುತ್ತಿತ್ತು.

ಅಲ್ಲಿನ ಚಾಲಕರಲ್ಲಿ ಈ ಬಗೆಯ ಕಾರ್ಯಕ್ರಮದ ಕುರಿತು ಎರಡು ಮನಸ್ಸಿರುವುದು ಸಹಜ. ತಮ್ಮ ವೃತ್ತಿಯನ್ನು ದೇಶದ ಮುಂದೆ ಗೌರವದಿಂದ ತೋರಿಸಿದರೆಂಬ ಹೆಮ್ಮೆ ಒಂದು ಕಡೆ. ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಂತ ಲಾರಿಗೆ ಬಾಡಿಗೆ ಕೊಡುವವರಾರು, ಹೊಳಪು ಲೋಹವನ್ನು ಪ್ರತಿ ಮಳೆಯ ನಂತರ ಉಜ್ಜುವವರಾರು, ನಿದ್ರಿಸುವ ಜಾಗದಲ್ಲಿ ಟಿವಿ ಪರದೆ ಕೂರಿಸಿದರೆ ಮಲಗುವುದೆಲ್ಲಿ ಎಂಬ ಪ್ರಶ್ನೆಗಳು ಇನ್ನೊಂದು ಕಡೆ. ಕ್ಯಾಮೆರಾ ಕಾಣುವುದು ನಿಂತ ಲಾರಿಯನ್ನು. ಚಾಲಕ ಬದುಕುವುದು ಓಡುವ ಲಾರಿಯಲ್ಲಿ.

ಒಂದು ಮುಖ್ಯ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಆ ಸರಣಿಯಲ್ಲಿ ಕಾಣಿಸಿಕೊಂಡವರು ಸಾಮಾನ್ಯವಾಗಿ ತಾವೇ ಮಾಲೀಕರೂ ತಾವೇ ಚಾಲಕರೂ ಆಗಿದ್ದವರು. ಲಾರಿಯ ಅಂದವೂ ಅವರದೇ, ಸಾಲವೂ ಅವರದೇ. ಜಪಾನಿನಲ್ಲಿ 'ದೆಕೊತೊರ' ಎಂದು ಕರೆಯಲಾಗುವ ದೀಪಾಲಂಕೃತ ಲಾರಿಗಳದೂ ಇದೇ ಕಥೆ. 1975ರಿಂದ 1979ರವರೆಗೆ ತೆರೆಕಂಡ 'ತೊರಕ್ಕು ಯಾರೊ' ಚಿತ್ರಮಾಲಿಕೆಯು ಈ ಗೀಳನ್ನು ಅಲ್ಲಿ ಮನೆಮಾತಾಗಿಸಿತು. ನಮ್ಮ ಹೆದ್ದಾರಿಗಳ ಸ್ಥಿತಿಯೇ ಬೇರೆ.

ಹೊರಗಿನದು ಮಾಲೀಕರದು, ಒಳಗಿನದು ಚಾಲಕರದು

ಭಾರತದಲ್ಲಿ ಲಾರಿಯ ಸಿಂಗಾರವು ಹಳೆಯದಾದ ಮೇಲೆ ಮಾಡುವ ಮಾರ್ಪಾಡಲ್ಲ, ಹುಟ್ಟಿನೊಂದಿಗೇ ಬರುವಂಥದ್ದು. ಬಹುಕಾಲದಿಂದ ಕಾರ್ಖಾನೆಗಳು ಮಾರುತ್ತಿದ್ದುದು ಎಂಜಿನ್, ಚಕ್ರ ಮತ್ತು ಚಾಸಿಯನ್ನು ಮಾತ್ರ. ಅದರ ಮೇಲೆ ಬಾಡಿ ಕಟ್ಟಿಸುವುದು ಕೊಂಡವರ ಹೊಣೆಯಾಗಿತ್ತು. ದಕ್ಷಿಣದಲ್ಲಿ ಈ ಕೆಲಸಕ್ಕೆ ಅತ್ಯಂತ ಹೆಸರಾದದ್ದು ತಮಿಳುನಾಡಿನ ನಾಮಕ್ಕಲ್. ಅದರ ನೆರೆಯ ತಿರುಚೆಂಗೋಡು ಕೊಳವೆಬಾವಿ ಕೊರೆಯುವ ಲಾರಿಗಳಿಗೆ ಪ್ರಸಿದ್ಧ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೇಸಿಗೆಯಲ್ಲಿ ಬೋರ್ ಕೊರೆಯುವ ವಾಹನಗಳ ಮೇಲೆ ತಮಿಳು ಅಕ್ಷರಗಳು ಕಾಣಿಸುವುದು ಇದೇ ಕಾರಣಕ್ಕೆ.

ಬಾಡಿ ಕಟ್ಟುವವರಲ್ಲಿ ಬಡಗಿ, ಕಮ್ಮಾರ, ವೆಲ್ಡರ್, ಪೇಂಟರ್ ಎಂಬ ಪಾಲುಗಳಿವೆ. ಕೊನೆಯ ಕೈ ಪೇಂಟರನದು. ಯಾವ ದೇವರ ಹೆಸರು, ಯಾವ ಮಕ್ಕಳ ಹೆಸರು, ತಾಯಿ-ತಂದೆಯ ಆಶೀರ್ವಾದದ ಸಾಲು ಎಲ್ಲಿರಬೇಕು ಎಂಬುದನ್ನು ನಿರ್ಧರಿಸುವವರು ಹಣ ಕೊಡುವ ಮಾಲೀಕರು. ಚಾಲಕರ ಅಧಿಕಾರವೇನಿದ್ದರೂ ಕ್ಯಾಬಿನ್ನಿನ ಒಳಗೆ: ಗಾಜಿನ ಮೇಲಂಚಿನ ಕುಚ್ಚು, ಡ್ಯಾಶ್‌ಬೋರ್ಡಿನ ಪುಟ್ಟ ದೇವರ ಗೂಡು, ಊದುಬತ್ತಿ, ಹಾಡಿನ ಪೆಟ್ಟಿಗೆ, ಆಯುಧಪೂಜೆಯ ದಿನದ ಬಾಳೆಕಂಬ. ಬಾದಾಮಿ ಕಡೆಯ ಚಾಲಕ ನಾಮಕ್ಕಲ್ಲಿನ ಬಾಡಿಯನ್ನೇ ಓಡಿಸುತ್ತಿದ್ದರೂ ಕ್ಯಾಬಿನ್ನಿನೊಳಗೆ ಬನಶಂಕರಿಯೇ ಇರುತ್ತಾಳೆ.

ಈ ಒಳ-ಹೊರಗಿನ ಹಂಚಿಕೆಯನ್ನು ಅರಿಯದೆ ಕಿರುತೆರೆಯ ಮಾದರಿಯನ್ನು ಇಲ್ಲಿಗೆ ಅನ್ವಯಿಸುವುದು ಕಷ್ಟ. ಹೊರಮೈಗೆ ಲಕ್ಷಾಂತರ ರೂಪಾಯಿ ಸುರಿದರೆ ಅದು ಮಾಲೀಕರಿಗೆ ಸಂದ ಕೊಡುಗೆ. ಸಂಬಳ ಮತ್ತು ದಿನದ ಬಾಟಾ ನಂಬಿದ ಚಾಲಕರಿಗೆ ಅದರಿಂದ ದಕ್ಕುವುದು ಹೆಚ್ಚುವರಿ ತೊಳೆಯುವ ಕೆಲಸ ಮತ್ತು ಚೆಕ್‌ಪೋಸ್ಟಿನಲ್ಲಿ ಹೆಚ್ಚುವರಿ ಪ್ರಶ್ನೆಗಳು.

ಕಲ್ಲಿನ ತೂಕ, ಕಬ್ಬಿಣದ ತೂಕ

ಇಳಕಲ್ಲಿನ ಕ್ವಾರಿಗಳಿಂದ ಕಲ್ಲು ಹೊರುವ ಲಾರಿಯೊಂದರ ಲೆಕ್ಕವನ್ನೇ ನೋಡಬಹುದು. ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2.65 ಟನ್ ತೂಗುತ್ತದೆ. ಮೂರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಅಷ್ಟೇ ಎತ್ತರದ ಒಂದೇ ದಿಮ್ಮಿಯ ತೂಕ ಹತ್ತಿರ ಹತ್ತಿರ 18 ಟನ್. ಮೂರು ಆಕ್ಸಲಿನ, ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು ಕೇಂದ್ರ ಸರ್ಕಾರವು 2018ರ ಜುಲೈನಲ್ಲಿ 25 ಟನ್ನಿನಿಂದ 28.5 ಟನ್ನಿಗೆ ಏರಿಸಿತು. ಚಾಸಿ ಮತ್ತು ಬಾಡಿಯ ತೂಕ ಒಂಬತ್ತರಿಂದ ಹತ್ತು ಟನ್ ಎಂದು ಹಿಡಿದರೆ ಒಂದು ದಿಮ್ಮಿ ಹೇರುವಷ್ಟರಲ್ಲಿ ಮಿತಿ ಮುಟ್ಟಿದಂತೆಯೇ.

ಈ ಲಾರಿಗೆ ದಪ್ಪ ಕಬ್ಬಿಣದ ಬಂಪರು, ನೆತ್ತಿಯ ಕಮಾನು, ಪಕ್ಕದ ಸ್ಟೀಲ್ ತಗಡು, ಹೆಚ್ಚುವರಿ ಬ್ಯಾಟರಿಗಳೆಂದು ಅರ್ಧ ಟನ್ ಅಲಂಕಾರ ಕೂಡಿಸಿದರೆಂದು ಭಾವಿಸೋಣ. ಬಾಡಿಗೆ ನಿಗದಿಯಾಗುವುದು ಟನ್ನಿನ ಲೆಕ್ಕದಲ್ಲಿ. ತಿಂಗಳಿಗೆ ಹತ್ತು ಸುತ್ತು ಹೋಗುವ ಲಾರಿಯು ವರ್ಷಕ್ಕೆ 60 ಟನ್ನಿನ ಬಾಡಿಗೆ ಕಳೆದುಕೊಳ್ಳುತ್ತದೆ. ಅಂದರೆ ಮೂರು ಪೂರ್ಣ ಲೋಡುಗಳಿಗೂ ಮಿಗಿಲು. ಬಾಡಿಗೆ ಬಿಡಲೊಲ್ಲದೆ ಅಷ್ಟೂ ಕಲ್ಲು ಹೇರಿದರೆ ಅದು ಅಧಿಕ ಭಾರ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನ ಪ್ರಕಾರ ಅಧಿಕ ಭಾರಕ್ಕೆ 20 ಸಾವಿರ ರೂಪಾಯಿ ದಂಡ, ಮೇಲ್ಪಟ್ಟ ಪ್ರತಿ ಟನ್ನಿಗೆ ಮತ್ತೆ 2 ಸಾವಿರ.

ಲಾರಿಯ ಎಡಬದಿಯಲ್ಲಿ ಚಿಕ್ಕ ಅಕ್ಷರಗಳಲ್ಲಿ ಬರೆದಿರುವ ಯು.ಎಲ್.ಡಬ್ಲ್ಯೂ. ಮತ್ತು ಜಿ.ವಿ.ಡಬ್ಲ್ಯೂ., ಅಂದರೆ ಬರಿದೂಕ ಮತ್ತು ಒಟ್ಟು ತೂಕದ ಅಂಕಿಗಳನ್ನು ದಾರಿಹೋಕರು ಗಮನಿಸುವುದಿಲ್ಲ. ಹಂಸ, ನವಿಲುಗಳ ನಡುವೆ ಅವು ಮರೆಯಾಗಿರುತ್ತವೆ. ಲಾರಿಯ ಮೈಮೇಲಿನ ಬರಹಗಳಲ್ಲಿ ಅನ್ನ ಕೊಡುವ ಬರಹ ಮಾತ್ರ ಅದೇ.

ಈರುಳ್ಳಿ ಲಾರಿಯ ಕಷ್ಟ ಮತ್ತೊಂದು ತೆರನದು. ಬಾಗಲಕೋಟೆ ಸೀಮೆಯ ಈರುಳ್ಳಿ ಬೆಂಗಳೂರಿನ ಯಶವಂತಪುರ ಮಾರುಕಟ್ಟೆಯನ್ನು ಬೆಳಗಾಗುವುದರೊಳಗೆ ಮುಟ್ಟಬೇಕು. ಕಣ್ಣು ಕುಕ್ಕುವ ದೀಪದ ಕಾರಣಕ್ಕೆ ರಾತ್ರಿ ಒಂದು ಕಡೆ ತಡೆದು ನಿಲ್ಲಿಸಿದರೆ ಹರಾಜಿನ ಹೊತ್ತು ತಪ್ಪುತ್ತದೆ. ತಾಡಪತ್ರಿಯ ಕೆಳಗೆ ಬೆವರಿದ ಮಾಲಿನ ದರವೂ ಇಳಿಯುತ್ತದೆ. ಆ ನಷ್ಟದಲ್ಲಿ ರೈತನಿಗೂ ಪಾಲು.

ಕಾನೂನಿನ ಕಣ್ಣಲ್ಲಿ

ಕಿರುತೆರೆಯಲ್ಲಿ ತೋರುವ ಮಾರ್ಪಾಡುಗಳಲ್ಲಿ ಬಹುಪಾಲು ಭಾರತದ ರಸ್ತೆಗಿಳಿದರೆ ದಂಡಾರ್ಹ. ನೋಂದಣಿ ಪುಸ್ತಕದಲ್ಲಿ ನಮೂದಾದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಾಯಿಸುವುದನ್ನು 1988ರ ಕಾಯ್ದೆಯ 52ನೇ ಕಲಮು ನಿರ್ಬಂಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5 ಸಾವಿರ ರೂಪಾಯಿ ದಂಡ ಇಲ್ಲವೆ ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿದೆ.

ಬಣ್ಣ, ಚಿತ್ರ, ಬರಹಗಳಿಗಿಂತ ಹೆಚ್ಚಾಗಿ ಕಾನೂನು ಮುನಿಯುವುದು ದೀಪ ಮತ್ತು ಹಾರನ್ನಿನ ಮೇಲೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಅನ್ವಯ ವಾಹನದ ಮುಂಬದಿಗೆ ಕೆಂಪು ದೀಪ ಕಾಣುವಂತಿಲ್ಲ. ರಾಗ ಬದಲಿಸುವ ಹಾರನ್ ಅಳವಡಿಸುವಂತಿಲ್ಲ. ಮುಂಭಾಗದ ಕಬ್ಬಿಣದ ಗಾರ್ಡುಗಳ ವಿರುದ್ಧ 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ರಾಜ್ಯಗಳಿಗೆ ಸೂಚನೆ ಕಳುಹಿಸಿತು. ಕರ್ನಾಟಕದ ಪೊಲೀಸರು 2024ರ ಜುಲೈನಲ್ಲಿ ಪ್ರಖರ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದಾದ್ಯಂತ ಕಾರ್ಯಾಚರಣೆ ನಡೆಸಿದರು. ನೆರೆಯ ಮಹಾರಾಷ್ಟ್ರವಂತೂ 2015ರಲ್ಲಿ 'ಹಾರ್ನ್ ಓಕೆ ಪ್ಲೀಸ್' ಎಂಬ ಹಿಂಬದಿಯ ಬರಹವನ್ನೇ ನಿಷೇಧಿಸಿತು. ಆ ಮೂರು ಪದಗಳು ವಿನಾಕಾರಣ ಹಾರನ್ ಬಾರಿಸಲು ಪ್ರೇರೇಪಿಸುತ್ತವೆ ಎಂಬುದು ಅಂದಿನ ಸಮರ್ಥನೆ. ಹಾರನ್ನಿನ ಸದ್ದು ಅದರಿಂದ ಎಷ್ಟು ತಗ್ಗಿತು ಎಂಬುದನ್ನು ಸೊಲ್ಲಾಪುರ ರಸ್ತೆಯಲ್ಲಿ ಒಮ್ಮೆ ಸಂಚರಿಸಿದವರೇ ಹೇಳಬಲ್ಲರು.

ಕೇರಳದಲ್ಲಿ 2022ರ ಅಕ್ಟೋಬರಿನ ವಡಕ್ಕೆಂಚೇರಿ ಬಸ್ ದುರಂತದ ನಂತರ ಚಿತ್ರವಿಚಿತ್ರ ಬಣ್ಣದ ಪ್ರವಾಸಿ ಬಸ್ಸುಗಳಿಗೆಲ್ಲ ಏಕರೂಪದ ಬಿಳಿ ಬಣ್ಣ ಕಡ್ಡಾಯವಾಯಿತು. ಸರಕು ಲಾರಿಗಳಿಗೆ ಅಂಥ ಬಣ್ಣದ ಕಟ್ಟಳೆ ಕರ್ನಾಟಕದಲ್ಲಿ ಬಂದಿಲ್ಲ. ಹೀಗಾಗಿ ಎಫ್‌ಸಿ ಮಾಡಿಸುವ ಮುನ್ನ ಲಾರಿಗೆ ಹೊಸ ಬಣ್ಣ ಬಳಿಸುವ ಪದ್ಧತಿ ಉಳಿದಿದೆ. ಎಂಟು ವರ್ಷದವರೆಗಿನ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಆ ಬಳಿಕ ಪ್ರತಿ ವರ್ಷ ಎಫ್‌ಸಿ ಆಗಬೇಕು. ಪೇಂಟರರ ಪಾಲಿಗೆ ಅದೇ ಸುಗ್ಗಿ. ಆದರೂ ಕುಂಚದ ಕೆಲಸವನ್ನು ರೇಡಿಯಂ ಸ್ಟಿಕ್ಕರುಗಳು ನುಂಗುತ್ತ ಬಂದಿವೆ. ವಾರ ಹಿಡಿಯುತ್ತಿದ್ದ ಚಿತ್ರ ಅರ್ಧ ದಿನದಲ್ಲಿ ಅಂಟಿಕೊಳ್ಳುತ್ತದೆ, ಕತ್ತಲಲ್ಲಿ ಹೊಳೆಯುತ್ತದೆ, ಲಾರಿಯೂ ಬೇಗ ರಸ್ತೆಗೆ ಮರಳುತ್ತದೆ. ಲಾರಿ ನಿಂತ ದಿನ ದುಡಿಮೆಯಿಲ್ಲದ ದಿನವಾದ್ದರಿಂದ ಈ ಬದಲಾವಣೆಗೆ ಚಾಲಕರ ವಿರೋಧ ಅಷ್ಟಾಗಿ ಕೇಳಿಬಂದಿಲ್ಲ.

ಸಿಂಗಾರದ ಅತಿರೇಕ ನೋಡಬೇಕಾದವರು ಲಾರಿಗಿಂತ ಟ್ರ್ಯಾಕ್ಟರನ್ನು ನೋಡಬೇಕು. ಮುಧೋಳ, ಜಮಖಂಡಿ ಕಡೆಯಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಗೊಂಡೆ, ಮಿಣುಕು ದೀಪ, ಆಳೆತ್ತರದ ಧ್ವನಿವರ್ಧಕಗಳೊಂದಿಗೆ ಹೊರಡುತ್ತವೆ. ಅವನ್ನು ಓಡಿಸುವವರು ಅನೇಕ ವೇಳೆ ಮಾಲೀಕರ ಮನೆಯ ಮಕ್ಕಳೇ. ಹಿಂದಿನ ವಾಹನದ ಹಾರನ್ ಕೇಳಿಸದಷ್ಟು ಹಾಡು ಹಚ್ಚುವ ಈ ಉತ್ಸಾಹವನ್ನು ದೂರದ ಊರಿಗೆ ದುಡಿಯಲು ಹೋಗುವ ಲಾರಿ ಚಾಲಕರು ಮೆಚ್ಚುವುದು ಕಡಿಮೆ.

ಬದಲಾಗಬೇಕಿರುವ ಕ್ಯಾಬಿನ್

ಮಾರ್ಪಾಡು ಬೇಡವೆಂಬುದು ಚಾಲಕರ ನಿಲುವಲ್ಲ. ಎಲ್ಲಿ ಬೇಕೆಂಬುದರಲ್ಲಿ ಭಿನ್ನಾಭಿಪ್ರಾಯ. ಹಳೆಯ ಮಾದರಿಯ ಲಾರಿಗಳಲ್ಲಿ ಎಂಜಿನ್ನಿನ ಪೆಟ್ಟಿಗೆ ಚಾಲಕನ ಮಗ್ಗುಲಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಕ್ಯಾಬಿನ್ನಿನ ಕಾವು ಅದಕ್ಕೂ ಮಿಗಿಲು. ಆಸನ ಸೊಂಟಕ್ಕೆ ಆಧಾರ ಕೊಡುವುದಿಲ್ಲ. ನಿದ್ರೆಗೆ ಸೀಟಿನ ಹಿಂದಿನ ಹಲಗೆ, ಇಲ್ಲವೆ ನಿಲ್ಲಿಸಿದ ಲಾರಿಯ ಅಡಿಯ ನೆರಳು.

ಕ್ಯಾಬಿನ್ನಿಗೆ ಹವಾನಿಯಂತ್ರಣ ಬೇಕೆಂಬ ಬೇಡಿಕೆಗೆ ಸರ್ಕಾರ ಕಿವಿಗೊಟ್ಟಿದ್ದು ತಡವಾಗಿ. 2023ರ ಡಿಸೆಂಬರಿನಲ್ಲಿ ಹೊರಟ ಕೇಂದ್ರದ ಅಧಿಸೂಚನೆಯು 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಸರಕು ವಾಹನಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯಗೊಳಿಸಿತು. ಎ.ಸಿ. ಇದ್ದರೆ ಚಾಲಕರು ನಿದ್ದೆಗೆ ಜಾರುತ್ತಾರೆ, ಡೀಸೆಲ್ ಹೆಚ್ಚು ಉರಿಯುತ್ತದೆ ಎಂಬ ವಾದಗಳೂ ಈ ಚರ್ಚೆಯಲ್ಲಿ ಕೇಳಿಬಂದವು. ಐಷಾರಾಮಿ ಬಸ್ಸಿನ ಚಾಲಕನಿಗೆ ಬಾರದ ನಿದ್ದೆ ಲಾರಿ ಚಾಲಕನಿಗೇ ಬರುವುದೆಂದು ನಂಬುವುದು ವಿಚಿತ್ರ.

ಅಧಿಸೂಚನೆಯು ಅನ್ವಯಿಸುವುದು ಹೊಸದಾಗಿ ತಯಾರಾಗುವ ವಾಹನಗಳಿಗೆ ಮಾತ್ರ. ಅದಕ್ಕೂ ಹಿಂದಿನ ಲಾರಿಗಳು ಕೈಯಿಂದ ಕೈಗೆ ಮಾರಾಟವಾಗುತ್ತ, ದೊಡ್ಡ ಸಾರಿಗೆ ಸಂಸ್ಥೆಗಳಿಂದ ಸಣ್ಣ ಊರಿನ ಮಾಲೀಕರಿಗೆ ಇಳಿಯುತ್ತ, ಎಫ್‌ಸಿ ಸಿಗುವವರೆಗೂ ಕಲ್ಲು, ಕಡಲೆ, ಈರುಳ್ಳಿ ಹೊರುತ್ತವೆ. ಅಂಥ ಲಾರಿಯಲ್ಲಿ ಚಾಲಕರು ಸ್ವಂತ ದುಡ್ಡಿನಲ್ಲಿ ಮಾಡಿಕೊಳ್ಳುವ ಮಾರ್ಪಾಡೆಂದರೆ ಡ್ಯಾಶ್‌ಬೋರ್ಡಿಗೆ ತಿರುಪಿನಿಂದ ಬಿಗಿದ ಪುಟ್ಟ ಫ್ಯಾನು, ಎಂಜಿನ್ ಪೆಟ್ಟಿಗೆಯ ಮೇಲೆ ಮಡಿಸಿ ಹಾಸಿದ ಗೋಣಿಚೀಲ, ಪಕ್ಕದ ಗಾಜಿಗೆ ಕಟ್ಟಿದ ಒದ್ದೆ ಟವೆಲು.