ತಲೆಹೊರೆಯ ಇತಿಹಾಸ: ಕನ್ನಡನಾಡಿನ ಸಂತೆಗಳಲ್ಲಿ ಬೆಳೆದವರೇ ಮಾರುವ ಪದ್ಧತಿ

ಕನ್ನಡನಾಡಿನ ವಾಣಿಜ್ಯದ ಇತಿಹಾಸವೆಂದೊಡನೆ ನಮ್ಮ ಕಣ್ಮುಂದೆ ನಿಲ್ಲುವವರು ದೂರದ ದಾರಿ ನಡೆದ ವರ್ತಕರು. ಅಯ್ಯಾವೊಳೆಯ ಐನೂರ್ವರು, ನಾನಾದೇಶಿಗಳು, ಮುಮ್ಮುರಿದಂಡಗಳು ತಮ್ಮ ಬಿರುದಾವಳಿಗಳನ್ನು ಕಲ್ಲಿನ ಮೇಲೆ ಸಾಲುಸಾಲಾಗಿ ಕೆತ್ತಿಸಿ ಹೋದುದರಿಂದ ಅವರ ಕೀರ್ತಿ ನಮ್ಮ ಕಾಲದವರೆಗೂ ಅಳಿಯದೆ ಉಳಿದಿದೆ. ಆದರೆ ತನ್ನ ಹಿತ್ತಿಲಿನ ಬದನೆಯನ್ನು ನಸುಕಿನಲ್ಲಿ ಕಿತ್ತು, ಬುಟ್ಟಿಯಲ್ಲಿ ಜೋಡಿಸಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, ತಲೆಯ ಮೇಲಿಟ್ಟುಕೊಂಡು ಎರಡು ಹರದಾರಿ ನಡೆದು, ಹೊತ್ತು ಇಳಿಯುವುದರೊಳಗೆ ಅದನ್ನು ಮಾರಿ, ಬಂದ ಹಣದಲ್ಲಿ ಉಪ್ಪು ಎಣ್ಣೆಗಳನ್ನು ಕೊಂಡು ಮನೆಗೆ ಮರಳಿದ ಒಕ್ಕಲಗಿತ್ತಿಗೆ ಬಿರುದುಗಳೂ ಇರಲಿಲ್ಲ, ಅವುಗಳನ್ನು ಕೆತ್ತಿಸುವ ಶಕ್ತಿಯೂ ಇರಲಿಲ್ಲ. ಈ ನಾಡಿನ ಊರೂರುಗಳ ಒಲೆಗಳಿಗೆ ಕಾಯಿಪಲ್ಲೆಯನ್ನು ಒದಗಿಸಿದವಳು ಆಕೆ. ಆಕೆಯ ಸುಳಿವನ್ನು ಅರಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಶಾಸನಗಳಲ್ಲಿ ಈ ಸುಳಿವು ದೊರೆಯುವುದು ಸುಂಕದ ಪ್ರಸಂಗದಲ್ಲಿ. ದೇವಾಲಯಕ್ಕೋ ಮಠಕ್ಕೋ ಸಂತೆಯ ಆದಾಯದಲ್ಲಿ ಪಾಲನ್ನು ಬಿಟ್ಟುಕೊಡುವಾಗ, ಎತ್ತಿನ ಮೇಲೆ ಬಂದ ಸರಕಿಗೆ ಹೇರಿನ ಲೆಕ್ಕದಲ್ಲಿಯೂ ಮನುಷ್ಯರು ಹೊತ್ತು ತಂದುದಕ್ಕೆ ಹೊರೆಯ ಲೆಕ್ಕದಲ್ಲಿಯೂ ಇಷ್ಟಿಷ್ಟೆಂದು ನಿಯಮಿಸುವುದು ಮಧ್ಯಯುಗದ ಕನ್ನಡ ಶಾಸನಗಳಲ್ಲಿ ಪರಿಚಿತವಾದ ಕ್ರಮ. ವೀಳ್ಯದೆಲೆಯ ವಿಷಯದಲ್ಲಂತೂ ಹೇರಿಗೆ ಇಷ್ಟು ಎಲೆ, ಹೊರೆಗೆ ಇಷ್ಟು ಎಲೆ ಎಂಬ ಒಕ್ಕಣೆ ಮತ್ತೆ ಮತ್ತೆ ಬರುತ್ತದೆ. ಹೇರು ವರ್ತಕನದು; ಎತ್ತು ಸಾಕಿದವನು, ಎರಡು ಸೀಮೆಗಳ ಧಾರಣೆಯನ್ನು ಬಲ್ಲವನು ಅವನು. ತಲೆಹೊರೆಯಾದರೋ ಬಹುಮಟ್ಟಿಗೆ ಹತ್ತಿರದ ತೋಟದಿಂದ ಬಂದುದು, ಏಕೆಂದರೆ ಒಂದು ಹೊರೆಯ ಲಾಭವನ್ನು ನಂಬಿ ಮೂರು ದಿನದ ದಾರಿ ನಡೆಯುವವರು ಯಾರೂ ಇರಲಾರರು. ಆದುದರಿಂದ ಸುಂಕದ ಲೆಕ್ಕದಲ್ಲಿ ‘ಹೊರೆ’ ಎಂಬ ಎರಡಕ್ಷರ ಕಂಡಲ್ಲೆಲ್ಲ ಅದರ ಕೆಳಗೊಂದು ತಲೆಯಿದೆಯೆಂದೂ, ಬಹುಪಾಲು ಸಂದರ್ಭಗಳಲ್ಲಿ ಅದು ಬೆಳೆದವರದೇ ತಲೆಯೆಂದೂ ಊಹಿಸುವುದು ಅನುಚಿತವಾಗಲಾರದು. ಎಲೆತೋಟದ ಒಡೆಯರಾದ ತೋಂಟಿಗರು ಕೆಲವೆಡೆ ಸಂಘಟಿತರಾಗಿ ಶಾಸನಗಳಲ್ಲಿ ಹೆಸರಿನಿಂದಲೇ ಕಾಣಿಸಿಕೊಳ್ಳುತ್ತಾರೆ. ಎಲೆಗೆ ಸಂದ ಈ ಗೌರವ ಸೊಪ್ಪುತರಕಾರಿಗೆ ಸಲ್ಲಲಿಲ್ಲ. ದೇವರ ಮುಂದೆ ಎಲೆಗೆ ಇದ್ದ ಸ್ಥಾನ ಹೀರೇಕಾಯಿಗೆ ಇರಲಿಲ್ಲ.

ಸಂತೆಯನ್ನು ಕಟ್ಟುವುದು ಆ ಕಾಲದಲ್ಲಿ ಕೆರೆಯನ್ನು ಕಟ್ಟಿಸುವುದಕ್ಕೆ ಸಮೀಪವಾದ ಸತ್ಕಾರ್ಯವೆನಿಸಿತ್ತು. ವಿಜಯನಗರದ ಅರಸರ ಕಾಲದಲ್ಲಿ ಹೊಸದಾಗಿ ಸಂತೆಯನ್ನು ನೆಲೆಗೊಳಿಸಿ ಸುತ್ತಣ ಹಳ್ಳಿಗಳ ಜನ ಅಲ್ಲಿಗೆ ಬರುವಂತೆ ಮಾಡಿದ ಪಟ್ಟಣಸ್ವಾಮಿಗೆ ಭೂಮಿಯನ್ನು ಮಾನ್ಯವಾಗಿ ಬಿಟ್ಟ ನಿದರ್ಶನಗಳುಂಟು. ಕಲ್ಲಿಗಿಂತಲೂ ದೀರ್ಘಾಯುವಾದ ಇನ್ನೊಂದು ಸಾಕ್ಷ್ಯವೆಂದರೆ ಊರ ಹೆಸರು: ಸಂತೆಬೆನ್ನೂರು, ಸಂತೆಮರಹಳ್ಳಿ, ಸಂತೆಬಾಚಹಳ್ಳಿ, ಸಂತೇಶಿವರ, ಕೊಡಗಿನಲ್ಲಿ ಶನಿವಾರಸಂತೆ, ಸೋಮವಾರಪೇಟೆ. ವಾರದ ದಿನವೇ ಊರಿಗೆ ಹೆಸರಾದುದು ಕೇವಲ ಸ್ವಾರಸ್ಯದ ಸಂಗತಿಯಲ್ಲ. ಒಂದು ಸೀಮೆಯ ಸಂತೆಗಳು ದಿನ ಹಂಚಿಕೊಂಡು, ಒಂದರ ದಿನ ಇನ್ನೊಂದು ನಡೆಯದಂತೆ ಸುತ್ತುತ್ತಿದ್ದುದರಿಂದ, ಬಳೆಗಾರನೂ ಬಟ್ಟೆಯವನೂ ವಾರವಿಡೀ ಸಂತೆಯಿಂದ ಸಂತೆಗೆ ಅಲೆಯುತ್ತಿದ್ದರು. ತರಕಾರಿ ಬೆಳೆದವರು ಮಾತ್ರ ತಮ್ಮ ಊರಿಗೆ ಹತ್ತಿರದ ಸಂತೆಗೆ ವಾರಕ್ಕೊಮ್ಮೆ ಬಂದು, ಉಳಿದ ಆರು ದಿನ ಹೊಲದಲ್ಲಿ ಇರುತ್ತಿದ್ದರು. ಬಳ್ಳಿಯ ಕಾಯಿ ಮತ್ತೆ ಕೊಯ್ಲಿಗೆ ಬರುವುದಕ್ಕೂ ಸಂತೆಯ ದಿನ ಮತ್ತೆ ಬರುವುದಕ್ಕೂ ಇರುವ ಈ ಹೊಂದಾಣಿಕೆಯನ್ನು ಗಮನಿಸಿದರೆ, ವಾರದ ಸಂತೆ ಬೇಸಾಯಗಾರನ ಬದುಕಿನ ಲಯದಿಂದಲೇ ಹುಟ್ಟಿದ ಸಂಸ್ಥೆಯೆನ್ನಬೇಕಾಗುತ್ತದೆ. ‘ಸಂತೆ ಹೊತ್ತಿಗೆ ಮೂರು ಮೊಳ ನೇಯ್ದಂತೆ’ ಎಂಬ ಗಾದೆ ನೇಕಾರನ ಆತುರವನ್ನು ಹೇಳುತ್ತದೆ. ಸೊಪ್ಪಿನ ಮಡಿಗೆ ಅಂತಹ ಆತುರದ ಅವಕಾಶವಿಲ್ಲ, ಸಂತೆಯ ಹೊತ್ತನ್ನು ಎಣಿಸಿಯೇ ಬೀಜ ಚೆಲ್ಲಬೇಕು.

ರಾಜಧಾನಿಯ ಚಿತ್ರವನ್ನು ನಮಗೆ ಕೊಟ್ಟವರು ಪರದೇಶದ ಪ್ರವಾಸಿಗಳು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗಲ್ಲಿನ ದೊಮಿಂಗೊ ಪಾಯಸ್, ನಗರದ ಒಂದಲ್ಲ ಒಂದು ಭಾಗದಲ್ಲಿ ಪ್ರತಿದಿನವೂ ಸಂತೆ ನಡೆಯುತ್ತಿದ್ದುದನ್ನು ಹೇಳಿ, ಒಂದು ಹಣಕ್ಕೆ ದ್ರಾಕ್ಷಿಯ ಮೂರು ಗೊಂಚಲು, ಹತ್ತು ದಾಳಿಂಬೆ ದೊರೆಯುತ್ತಿದ್ದುವೆಂದು ಧಾರಣೆಯನ್ನೂ ಬರೆದಿಟ್ಟಿದ್ದಾನೆ. ಗೊಂಚಲಿನ ಲೆಕ್ಕ, ಹಣ್ಣಿನ ಎಣಿಕೆ: ತೂಕದ ಮಾತೇ ಇಲ್ಲ. ಕಣ್ಣಳತೆಯ ಈ ವ್ಯವಹಾರ ಎಷ್ಟು ಗಟ್ಟಿಯಾಗಿ ಬೇರೂರಿತ್ತೆಂಬುದನ್ನು ಮುಂದೆ ನೋಡೋಣ.

ಶ್ರೀರಂಗಪಟ್ಟಣದ ಪತನವಾದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯ ಸಂಚಾರಕ್ಕೆ ಹೊರಟ ಫ್ರಾನ್ಸಿಸ್ ಬುಕನನ್ ತರಕಾರಿಯ ತೋಟ, ತೆಂಗಿನ ತೋಟ, ಎಲೆಯ ತೋಟಗಳನ್ನು ಬೇರೆಬೇರೆಯಾಗಿ ಗುರುತಿಸಿ ಅವುಗಳ ಬೇಸಾಯವನ್ನು ವಿವರಿಸಿದ. ಬೆಂಗಳೂರಿನ ಸುತ್ತ ಈ ತರಕಾರಿ ತೋಟಗಳ ಕಸಬನ್ನು ವಂಶಪರಂಪರೆಯಾಗಿ ನಡೆಸಿದವರಲ್ಲಿ ತಿಗಳರು ಮುಖ್ಯರು. ಧರ್ಮರಾಯನ ಗುಡಿಯ ಕರಗದಿಂದ ಅವರನ್ನು ನಾಡೆಲ್ಲ ಬಲ್ಲದು; ಅವರ ಕೈಯ ಹದವನ್ನು ಪೇಟೆಯ ಅಡಿಗೆಮನೆಗಳು ಬಲ್ಲವು. ಸಂಪಂಗಿ ಕೆರೆಯ ಅಂಗಳ ಅವರ ತೋಟಗಳಿಗೆ ಹೆಸರಾಗಿತ್ತು. ಕೆರೆಯ ತೇವದಲ್ಲಿ ಸೊಪ್ಪು ಬೆಳೆದು, ಬೆಳಗಿನ ಝಾವ ಪೇಟೆಗೆ ಹೊತ್ತು ತರುವ ಈ ಕುಟುಂಬಗಳಿಗೆ ಹೊಲಕ್ಕೂ ಗಿರಾಕಿಗೂ ಇದ್ದ ಅಂತರ ಕೂಗಳತೆಯದು. 1890ರ ದಶಕದಲ್ಲಿ ಹೆಸರಘಟ್ಟದಿಂದ ನಲ್ಲಿಯ ನೀರು ನಗರಕ್ಕೆ ಹರಿದ ಮೇಲೆ ಊರೊಳಗಿನ ಕೆರೆಗಳು ಕುಡಿಯುವ ನೀರಿಗೆ ಬೇಡವಾದುವು. ಬೇಡವಾದ ಕೆರೆಗೆ ಕಾವಲು ತಪ್ಪಿತು. ಕಾವಲು ತಪ್ಪಿದ ಅಂಗಳ ಕಟ್ಟಡಗಳಿಗೂ ಮೈದಾನಗಳಿಗೂ ಸಂದಿತು. ಸಂಪಂಗಿ ಕೆರೆಯಿದ್ದೆಡೆ ಇಂದು ಕಂಠೀರವ ಕ್ರೀಡಾಂಗಣ, ಧರ್ಮಾಂಬುಧಿಯಿದ್ದೆಡೆ ಬಸ್ ನಿಲ್ದಾಣ. ನಗರದ ಬೆಳವಣಿಗೆಯೆಂದು ನಾವು ಅಭಿಮಾನದಿಂದ ವರ್ಣಿಸುವ ಈ ಪ್ರಕ್ರಿಯೆ, ತಿನ್ನುವವರಿಗೂ ಬೆಳೆಯುವವರಿಗೂ ನಡುವೆ ಮೊದಲ ಬಾರಿಗೆ ದೂರವನ್ನು ತಂದಿಟ್ಟ ಪ್ರಕ್ರಿಯೆಯೂ ಹೌದೆಂಬುದನ್ನು ಇತಿಹಾಸಕಾರರು ಸಾಕಷ್ಟು ಒತ್ತಿ ಹೇಳಿಲ್ಲವೆಂದು ನನ್ನ ಭಾವನೆ.

ಇದೇ ಅವಧಿಯಲ್ಲಿ ಬುಟ್ಟಿಯೊಳಗಿನ ಸರಕೂ ಬದಲಾಯಿತು. 1809ರಲ್ಲಿ ನೆಲೆಗೊಂಡ ದಂಡುಪ್ರದೇಶದ ಆಂಗ್ಲರಿಗೆ ಅವರ ನಾಡಿನ ಕಾಯಿಪಲ್ಲೆ ಬೇಕಾಗಿತ್ತು. ಲಾಲ್‌ಬಾಗಿನ ಮುಖ್ಯಸ್ಥನಾಗಿದ್ದ ಜಾನ್ ಕ್ಯಾಮರನ್ ಹೊರದೇಶಗಳ ಅನೇಕ ಸಸ್ಯಗಳನ್ನು ತಂದು ಇಲ್ಲಿಯ ಮಣ್ಣಿಗೆ ಒಗ್ಗಿಸಿದ, ಸೀಮೆಬದನೆ ಅವುಗಳಲ್ಲೊಂದು. ಕೋಸು, ಗಜ್ಜರಿಗಳನ್ನು ಬೆಳೆದು ದಂಡಿನ ಬಂಗಲೆಗಳಿಗೆ ಮುಟ್ಟಿಸಿದವರು ಇಲ್ಲಿಯ ತೋಟಗಾರರೇ. ಹೊಸದಕ್ಕೆ ‘ಸೀಮೆ’ ಎಂಬ ಮುಂಪದವನ್ನು ಅಂಟಿಸಿ ಒಳಗೆ ಸೇರಿಸಿಕೊಂಡ ಈ ಜನ, ಹಳೆಯದಕ್ಕೆ ಊರ ಹೆಸರನ್ನು ಉಳಿಸಿಕೊಂಡರು: ಮಟ್ಟುಗುಳ್ಳ, ಈರನಗೆರೆ ಬದನೆ, ನಂಜನಗೂಡಿನ ರಸಬಾಳೆ, ದೇವನಹಳ್ಳಿಯ ಚಕ್ಕೋತ. ಬೆಳೆದವರು ತಾವೇ ಕುಳಿತು ಮಾರುವಾಗ ಹಣ್ಣಿನೊಡನೆ ಊರೂ ಬರುತ್ತದೆ. ನಾಲ್ಕು ಕೈ ದಾಟಿ ಬಂದ ಹಣ್ಣು ತನ್ನ ಊರನ್ನು ಮರೆತು ಬರಿಯ ಹಣ್ಣಾಗುತ್ತದೆ.

ಬೆಂಗಳೂರಿನ ಸಿದ್ದಿಕಟ್ಟೆಯಿದ್ದ ನೆಲದಲ್ಲಿ 1920ರ ದಶಕದಲ್ಲಿ ಎದ್ದ ಕೃಷ್ಣರಾಜೇಂದ್ರ ಮಾರುಕಟ್ಟೆ ಈ ಕಥೆಯ ತಿರುವು. ಸೂರು, ಕಟ್ಟೆ, ಮಳಿಗೆಗಳೆಲ್ಲ ಪ್ರಜೆಗಳ ಅನುಕೂಲಕ್ಕಾಗಿಯೇ ಆದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಳಿಗೆಗೆ ತಿಂಗಳ ಬಾಡಿಗೆಯುಂಟು, ಬಾಡಿಗೆ ತೆರಬಲ್ಲವನು ದಿನವೂ ಅಲ್ಲಿ ಕುಳಿತಿರಬಲ್ಲವನು, ದಿನವೂ ಕುಳಿತಿರಬಲ್ಲವನಿಗೆ ಹೊಲವಿರುವುದಿಲ್ಲ. ಹೀಗೆ ಕಟ್ಟಡದ ಸ್ವರೂಪವೇ ಬೇಸಾಯಗಾರನನ್ನು ಮೆಲ್ಲನೆ ಹೊರಗಿನ ರಸ್ತೆಗೆ ಸರಿಸಿ, ಮಂಡಿಯವನನ್ನು ಒಳಗೆ ಕೂಡಿಸಿತು. ಮಾಗಡಿಯ ಅವರೆಯಾಗಲಿ ಹೊಸಕೋಟೆಯ ಕಡೆಯ ಗೆಡ್ಡೆಗಳಾಗಲಿ ದಲ್ಲಾಳಿಯ ಮುಂದೆ ಸುರಿದು, ಹರಾಜಿನ ಕೂಗು ಮುಗಿಯುವವರೆಗೆ ಬೆಳೆದವನು ಪಕ್ಕದಲ್ಲಿ ಕೈಕಟ್ಟಿ ನಿಲ್ಲುವುದು ವಾಡಿಕೆಯಾಯಿತು. ಭಾರತದ ಬೇಸಾಯವನ್ನು ಕುರಿತು ವಿಚಾರಣೆ ನಡೆಸಿದ ರಾಯಲ್ ಕಮಿಷನ್ 1928ರ ತನ್ನ ವರದಿಯಲ್ಲಿ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಶಿಫಾರಸು ಮಾಡಲು ಕಾರಣ, ತಕ್ಕಡಿಯ ಮೋಸ, ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ನಡೆಸುವ ಗುಟ್ಟಿನ ಚೌಕಾಸಿ, ಧರ್ಮದ ಹೆಸರಿನ ಕಡಿತ ಮುಂತಾದ ಪದ್ಧತಿಗಳು ಭರತಖಂಡದ ಪೇಟೆಗಳಲ್ಲೆಲ್ಲ ಬೇರೂರಿದ್ದುದು. ಮೈಸೂರು ಸಂಸ್ಥಾನ 1939ರಲ್ಲಿಯೂ, ಏಕೀಕರಣದ ಬಳಿಕ ರಾಜ್ಯವು 1966ರಲ್ಲಿಯೂ ಕೃಷಿ ಉತ್ಪನ್ನ ಮಾರುಕಟ್ಟೆಯ ಕಾನೂನುಗಳನ್ನು ಮಾಡಿದುವು. ತೂಕ ಬಹಿರಂಗವಾಯಿತು, ಹರಾಜು ಬಹಿರಂಗವಾಯಿತು, ದಲ್ಲಾಳಿಗೆ ಪರವಾನಗಿ ಕಡ್ಡಾಯವಾಯಿತು. ಇವು ನಿಜವಾದ ಉಪಕಾರಗಳು. ಬೆಲೆಯನ್ನು ನುಡಿಯುವ ಬಾಯಿ ಮಾತ್ರ ಬೆಳೆದವನದಾಗಲಿಲ್ಲ.

ಆ ಬಾಯನ್ನು ಹಿಂದಕ್ಕೆ ಕೊಡಲು ನಡೆದ ಪ್ರಯತ್ನಗಳಲ್ಲಿ ನಮ್ಮ ನಾಡಿನದು ಅಗ್ರಗಣ್ಯವಾದುದು. ಬೆಂಗಳೂರಿನ ಸುತ್ತಣ ನೀಲಿ ದ್ರಾಕ್ಷಿಯ ಬೆಳೆಗಾರರು 1959ರಲ್ಲಿ, ತೋಟಗಾರಿಕೆಯ ಮಹಾನುಭಾವರಾದ ಡಾ. ಎಂ. ಎಚ್. ಮರಿಗೌಡರ ಪ್ರೇರಣೆಯಿಂದ, ಸಹಕಾರ ಸಂಘವೊಂದನ್ನು ಕಟ್ಟಿದರು. ಒಂದೇ ಹಣ್ಣಿಗಾಗಿ ಹುಟ್ಟಿದ ಆ ಸಂಘ ಮುಂದೆ ಎಲ್ಲ ಹಣ್ಣು ತರಕಾರಿಗಳಿಗೂ ಹಬ್ಬಿ, ಹಾಪ್‌ಕಾಮ್ಸ್ ಎಂಬ ಹೆಸರಿನಿಂದ ನಗರದ ಮೂಲೆಮೂಲೆಗಳಲ್ಲಿ ಮಳಿಗೆಗಳನ್ನು ತೆರೆಯಿತು. ಸದಸ್ಯನು ತಂದ ಸರಕನ್ನು ಅವನ ಕಣ್ಮುಂದೆ ತೂಗಿ, ಆ ದಿನದ ಪೇಟೆಯ ಧಾರಣೆಯನ್ನು ನೋಡಿ ಗೊತ್ತುಪಡಿಸಿದ ಬೆಲೆಯನ್ನು ಕೊಡುವುದು ಅದರ ಕ್ರಮ. ಇಲ್ಲಿ ಬೆಳೆಗಾರ ಮಾರಲು ಕೂರುವುದಿಲ್ಲವಾದರೂ ಮಾರುವ ಸಂಸ್ಥೆಯ ಒಡೆತನದಲ್ಲಿ ಅವನಿಗೆ ಪಾಲುಂಟು. ಪಂಜಾಬಿನಲ್ಲಿ 1987ರ ‘ಅಪ್ನೀ ಮಂಡಿ’, 1999ರಲ್ಲಿ ಆಂಧ್ರಪ್ರದೇಶದ ‘ರೈತು ಬಜಾರ್’, ಅದೇ ವರ್ಷ ತಮಿಳುನಾಡಿನ ‘ಉಳವರ್ ಸಂದೈ’ ಇವು ಬೇರೊಂದು ದಾರಿ ಹಿಡಿದು, ದಲ್ಲಾಳಿಯಿಲ್ಲದ ಕಟ್ಟೆಯ ಮೇಲೆ ಬೆಳೆದವನನ್ನೇ ಕೂಡಿಸಿದುವು. ಹೊಸ ಆವಿಷ್ಕಾರಗಳೆಂದು ಪತ್ರಿಕೆಗಳು ಇವನ್ನು ಕೊಂಡಾಡಿದಾಗ, ಸಂತೆಯನ್ನು ಬಲ್ಲ ನಮ್ಮ ಹಳ್ಳಿಗಳ ಹಿರಿಯರಿಗೆ ಇದರಲ್ಲಿ ಹೊಸತೇನೆಂದು ತೋರದೆ ಇದ್ದುದು ಸಹಜವೇ.

ಹಳೆಯ ಪದ್ಧತಿ ಹೆಚ್ಚು ಕೆಡದೆ ಉಳಿದಿರುವ ಎಡೆಯನ್ನು ಕಾಣಬೇಕಾದರೆ ಉತ್ತರ ಕನ್ನಡದ ಕರಾವಳಿಗೆ, ಅಂಕೋಲೆ, ಕುಮಟೆ, ಗೋಕರ್ಣಗಳಿಗೆ ಹೋಗಬೇಕು. ಅಲ್ಲಿಯ ಹಾಲಕ್ಕಿ ಒಕ್ಕಲಿಗರು ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ಕಾಯಿಪಲ್ಲೆ ಬೆಳೆಯುತ್ತಾರೆ. ಅದನ್ನು ಪೇಟೆಗೆ ತಂದು ಮಾರುವವರು ಆ ಮನೆಗಳ ಹೆಂಗಸರು. ರಸ್ತೆಯ ಬದಿಯಲ್ಲಿ ಗೋಣಿಯ ತುಂಡನ್ನು ಹಾಸಿ, ಬಾಳೆನಾರಿನಿಂದ ಕಟ್ಟಿದ ಬಸಳೆಯ ಕಟ್ಟುಗಳನ್ನು ಬುಡ ಒಂದು ದಿಕ್ಕಿಗೆ ಬರುವಂತೆ ಜೋಡಿಸಿ, ಹರಿವೆಯ ಮೇಲೆ ಬೆರಳಿನಿಂದ ನೀರು ಚಿಮುಕಿಸಿ, ಮೊಗೆಕಾಯಿಗಳನ್ನು ಸಣ್ಣದು ದೊಡ್ಡದೆಂದು ವಿಂಗಡಿಸಿ ಪಾಲು ಹಾಕುವ ಆ ಕೈಗಳನ್ನು ನೋಡುತ್ತ ನಾನು ಒಂದು ಬೆಳಗನ್ನೆಲ್ಲ ಕಳೆದದ್ದುಂಟು. ದೇಶದ ಕಾನೂನು 1956ರಲ್ಲಿ ಮೆಟ್ರಿಕ್ ತೂಕವನ್ನು ಅಂಗೀಕರಿಸಿ, ಕೆಲವೇ ವರ್ಷಗಳಲ್ಲಿ ಸೇರು ಮಣಗಳನ್ನು ರದ್ದುಮಾಡಿತು. ಕಟ್ಟು, ಪಾಲು, ಗುಡ್ಡೆಗಳನ್ನು ರದ್ದುಮಾಡಲು ಯಾವ ಕಾನೂನಿಗೂ ಆಗಲಿಲ್ಲ. ಪಾಯಸನ ಗೊಂಚಲು ಇಲ್ಲಿ ಇನ್ನೂ ಜೀವಂತವಾಗಿದೆ. ಗಿರಾಕಿ ಬೆಲೆಗೆ ಒಪ್ಪಿದ ಮೇಲೆ ಆಕೆ ಒಂದು ಹಿಡಿ ಹಸಿಮೆಣಸನ್ನೋ ಎರಡು ಬೆಂಡೆಯನ್ನೋ ಮೇಲಿಂದ ಹಾಕುವ ಕೊಸರಿನಲ್ಲಿ ಗಮನಿಸಬೇಕಾದ ಅರ್ಥವೊಂದುಂಟು: ಸರಕು ತನ್ನದಾದವರು ಮಾತ್ರ ಕೊಸರು ಹಾಕಬಲ್ಲರು. ಕೂಲಿಗೆ ಕುಳಿತು ಪರರ ಸರಕನ್ನು ತೂಗುವವನಿಗೆ ಆ ಅಧಿಕಾರವಿಲ್ಲ. ಎಲ್ಲಿ ಬೆಳೆದವರೇ ಮಾರುತ್ತಾರೆ, ಎಲ್ಲಿ ಇಲ್ಲ ಎಂಬುದನ್ನು ಅರಿಯಲು ನಾನು ಮೊದಲು ನೋಡುವುದು ಈ ಕೊಸರನ್ನೇ.

ಸಂತೆಯ ಸುಂಕ ಇಂದಿಗೂ ಇದೆ. ಗ್ರಾಮ ಪಂಚಾಯತಿಗಳು ಅದನ್ನು ವರ್ಷಕ್ಕೊಮ್ಮೆ ಹರಾಜಿನಲ್ಲಿ ಗುತ್ತಿಗೆಗೆ ಕೊಡುತ್ತವೆ. ಗುತ್ತಿಗೆದಾರನ ಹೆಸರು, ಅವನು ಕಟ್ಟಿದ ಮೊತ್ತ ದಫ್ತರಿನಲ್ಲಿ ದಾಖಲಾಗುತ್ತವೆ. ಅವನ ಆಳು ಬುಟ್ಟಿಬುಟ್ಟಿಯ ಮುಂದೆ ನಿಂತು ಹಣ ಪಡೆದು ಹರಿದುಕೊಡುವ ಸಣ್ಣ ಚೀಟಿಯ ಮೇಲೆ ಹೊರೆಗೆ ಇಷ್ಟು ಎಂಬುದಷ್ಟೇ ಅಚ್ಚಾಗಿರುತ್ತದೆ, ಕೊಟ್ಟವಳ ಹೆಸರಿಗೆ ಅಲ್ಲಿ ಎಡೆಯಿಲ್ಲ. ಸಂಜೆ ಸಂತೆ ಎದ್ದ ಮೇಲೆ ಕೋಸಿನ ಎಲೆ, ಬಾಳೆನಾರುಗಳ ನಡುವೆ ಬಿದ್ದಿದ್ದ ಅಂತಹ ಚೀಟಿಗಳನ್ನು ಕೆಲವು ಊರುಗಳಲ್ಲಿ ನಾನು ಆಯ್ದು ತಂದು, ಶಾಸನಗಳ ಪ್ರತಿಗಳನ್ನಿಟ್ಟ ಅದೇ ಕಡತದಲ್ಲಿ ಇಟ್ಟುಕೊಂಡಿದ್ದೇನೆ.